ಮಂತ್ರ ಹಾಕಿದ್ದು ಅವನು, ದಾಳ ನಾನ್ಯಾಕೆ ಹಾಕಬೇಕು?

ನಮ್ಮ ಮನೆಯ ಊಟದ ಮೇಜಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಹೊಸಬರು ಯಾರೇ ಬರಲಿ, ಮೊದಲ ದಿನವೇ ಈ ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಎಲ್ಲರೂ ಸೇರಿ ಕಥೆ ಕಟ್ಟುವ ಆಟ. ಒಬ್ಬೊಬ್ಬರದು ಒಂದೊಂದು ಪಾತ್ರ. ಆಟ ನಡೆಸುವವನು ಡಿಎಂ (ಡಂಜನ್ ಮಾಸ್ಟರ್), ಅಂದರೆ ನಮ್ಮಲ್ಲಿ ನಾನು.

ಎದುರಾಳಿ ಮಾಂತ್ರಿಕ ಫೈರ್‌ಬಾಲ್ ಎಸೆಯುತ್ತಾನೆ. "ಎಲ್ಲರೂ ಡೆಕ್ಸ್ಟೆರಿಟಿ ಸೇವ್ ಹಾಕಿ" ಅನ್ನುತ್ತೇನೆ. ಸೇವ್, ಪೂರ್ತಿ ಹೆಸರು ಸೇವಿಂಗ್ ಥ್ರೋ, ಅಂದರೆ ಗಂಡಾಂತರದಿಂದ ಪಾರಾಗಲು ಹಾಕುವ ದಾಳ; ಇಲ್ಲಿ ಪಾತ್ರದ ಚುರುಕಿನ ಮೇಲೆ. ಹೊಸಬರು ಇಪ್ಪತ್ತು ಮುಖದ ದಾಳ ಹಿಡಿದುಕೊಂಡು ನನ್ನನ್ನೇ ನೋಡುತ್ತಾರೆ. "ಮಂತ್ರ ಹಾಕಿದ್ದು ಅವನು. ದಾಳ ನಾನ್ಯಾಕೆ ಹಾಕ್ಬೇಕು?"

ಕೇಳಿದ್ದು ಸರಿಯೇ. ಐದು ನಿಮಿಷದ ಹಿಂದೆ ಗಾಬ್ಲಿನ್ ಕತ್ತಿ ಬೀಸಿದಾಗ ದಾಳ ಹಾಕಿದ್ದು ನಾನು. ಅವರ ಆರ್ಮರ್ ಕ್ಲಾಸ್, ಅಂದರೆ ಏಟು ತಾಗಲು ನಾನು ಮುಟ್ಟಬೇಕಾದ ಸಂಖ್ಯೆ, 15; ನನಗೆ ಎಲ್ಲಾ ಸೇರಿ ಬಂದದ್ದು 11. ಏಟು ತಪ್ಪಿತು. ಅವರು ಸುಮ್ನೆ ಕೂತಿದ್ದರು.

ನಾನು ಕೊಡುವ ಚಿಕ್ಕ ಉತ್ತರ: ಕತ್ತಿಗೆ ಗುರಿ ಬೇಕು, ಬೆಂಕಿಗೆ ಬೇಡ. ಕತ್ತಿ ತಾಗಿತೋ ಇಲ್ಲವೋ ಅನ್ನುವುದು ಬೀಸಿದವನ ಕೈಯಲ್ಲಿದೆ. ಫೈರ್‌ಬಾಲ್ ಒಮ್ಮೆ ಸಿಡಿದರೆ ನಾಲ್ಕೂ ಕಡೆ 20 ಅಡಿ ಬೆಂಕಿಯೇ. ಅದು ತಾಗಿಯೇ ತಾಗುತ್ತದೆ. ಆ ಕ್ಷಣದಲ್ಲಿ ನೀವು ಕಂಬದ ಹಿಂದೆ ಹಾರಿದಿರೋ, ಬಾಯಿ ಬಿಟ್ಟುಕೊಂಡು ನಿಂತಿರೋ ಅನ್ನುವುದಷ್ಟೇ ತೀರ್ಮಾನ ಆಗಬೇಕು. ಅದು ನಿಮ್ಮ ಪಾತ್ರದ ವಿಷಯ, ಹಾಗಾಗಿ ದಾಳವೂ ನಿಮ್ಮದು.

ಈಗಿನ ಐದನೇ ಆವೃತ್ತಿಯಲ್ಲಿ ಲೆಕ್ಕ ಹೀಗೆ. ಮಾಂತ್ರಿಕನ ಕಡೆ 8, ಅದಕ್ಕೆ ಅವನ ಪ್ರೊಫಿಷಿಯನ್ಸಿ (ಪಳಗಿದ್ದಕ್ಕೆ ಸಿಗುವ, ಲೆವೆಲ್ ಜೊತೆ ಏರುವ ಅಂಕ), ಮೇಲೆ ಅವನ ಬುದ್ಧಿಯ ಬೋನಸ್. ಇದು ನೀವು ಮುಟ್ಟಬೇಕಾದ ಸಂಖ್ಯೆ. ನಿಮ್ಮ ಕಡೆ ದಾಳ, ಅದಕ್ಕೆ ಡೆಕ್ಸ್ಟೆರಿಟಿ ಬೋನಸ್, ಆ ಸೇವ್‌ನಲ್ಲಿ ನಿಮಗೆ ಪಳಗಿದ ಕೈ ಇದ್ದರೆ ಪ್ರೊಫಿಷಿಯನ್ಸಿಯೂ ಸೇರುತ್ತದೆ. ಸಂಖ್ಯೆ ಮುಟ್ಟಿದರೆ ಅರ್ಧ ಏಟು, ಇಲ್ಲದಿದ್ದರೆ ಪೂರ್ತಿ. ಫೈರ್‌ಬಾಲ್‌ನ ಏಟು ಎಂಟು ಆರುಮುಖದ ದಾಳಗಳಷ್ಟು, ಸರಾಸರಿ 28. ಐದನೇ ಲೆವೆಲ್‌ನ ಮಾಂತ್ರಿಕಿಗೆ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಇರುವುದು 27ರ ಆಸುಪಾಸು. ಅರ್ಧ ಆದರೆ ನಿಂತಿರುತ್ತಾಳೆ, ಪೂರ್ತಿ ಆದರೆ ನೆಲ ಹಿಡಿಯುತ್ತಾಳೆ.

"ಸೇವಿಂಗ್" ಅನ್ನುವ ಹೆಸರು ಎಲ್ಲಿಂದ ಬಂತು ಅಂತಲೂ ಕೇಳುತ್ತಾರೆ. ಅದು ಪುಟ್ಟ ಗೊಂಬೆ ಸೈನಿಕರ ಯುದ್ಧದಾಟದಿಂದ ಬಂದದ್ದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ತಂದ ಚೈನ್‌ಮೇಲ್ ನಿಯಮಗಳಲ್ಲಿ ಡ್ರ್ಯಾಗನ್ ಬೆಂಕಿ ಮುಟ್ಟಿದವರೆಲ್ಲ ಸತ್ತರು ಅಂತಲೇ ಲೆಕ್ಕ. ಮಹಾವೀರರು, ಮಾಂತ್ರಿಕರು, ಇನ್ನೊಂದು ಡ್ರ್ಯಾಗನ್, ಇಂಥವರಿಗೆ ವಿನಾಯಿತಿ. ಮಹಾವೀರನೋ ಮಾಂತ್ರಿಕನೋ ಆಗಿದ್ದರೆ ಎರಡು ದಾಳದಲ್ಲಿ 7 ಅಥವಾ ಜಾಸ್ತಿ ಬಿದ್ದರೆ ಜೀವ ಉಳಿಯಿತು. ಅಂದರೆ ಸಾವು ಮೊದಲೇ ಬರೆದಾಗಿದೆ. ದಾಳ ಅದನ್ನು ಅಳಿಸಲು ಸಿಕ್ಕ ಒಂದು ಅವಕಾಶ.

1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗ ಇದು ಐದು ಸಾಲಿನ ಪಟ್ಟಿ ಆಯಿತು. ವಿಷ ಅಥವಾ ಸಾವಿನ ಕಿರಣ, ಮಂತ್ರದಂಡ, ಕಲ್ಲಾಗುವುದು, ಡ್ರ್ಯಾಗನ್ ಉಸಿರು, ಮಂತ್ರ. ಚುರುಕೋ ಗಟ್ಟಿಯೋ ಅನ್ನುವ ಮಾತೇ ಇಲ್ಲ, ಯಾವ ಗಂಡಾಂತರ ಅನ್ನುವುದಷ್ಟೇ. ಹೊಸ ಯೋಧನಿಗೆ ವಿಷದಿಂದ ಉಳಿಯಲು 12 ಬೀಳಬೇಕಿತ್ತು. ಬೀಳದಿದ್ದರೆ ಸಾಮಾನ್ಯವಾಗಿ ಸತ್ತಂತೆಯೇ, ಎರಡನೇ ಮಾತಿಲ್ಲ. ಜೇಡ ಕಚ್ಚಿ ಹತ್ತು ವಾರ ಆಡಿದ ಪಾತ್ರ ಹೋಗುವುದು ಅಂದರೆ ಹೊಟ್ಟೆ ಉರಿಯುತ್ತದೆ, ಅದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಆ ಕಾಲದ ಒಂದು ಯೋಚನೆ ನನಗೆ ತುಂಬ ಇಷ್ಟ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ಒಂದು ಉದಾಹರಣೆ ಕೊಡುತ್ತಾರೆ. ಒಬ್ಬನನ್ನು ಬಂಡೆಗೆ ಸರಪಳಿ ಹಾಕಿ ಕಟ್ಟಿದೆ. ಎದುರಿಗೆ ಕೆಂಪು ಡ್ರ್ಯಾಗನ್. ಅವನಿಗೆ ಸೇವ್ ಕೊಡಬೇಕೋ ಬೇಡವೋ? ಕೊಡಿ ಅನ್ನುತ್ತಾರೆ. ದಾಳ ಗೆದ್ದರೆ, ಬಂಡೆಯಲ್ಲಿ ಒಂದು ಬಿರುಕು ಸಿಕ್ಕಿತು ಅನ್ನಿ, ಕೊನೇ ಗಳಿಗೆಯಲ್ಲಿ ಸರಪಳಿ ಬಿಡಿಸಿಕೊಂಡ ಅನ್ನಿ. ಮೊದಲು ದಾಳ, ಆಮೇಲೆ ಕಾರಣ. ಹೇಗೆ ಉಳಿದೆ ಅನ್ನುವ ಕಥೆ ಹೇಳುವ ಹಕ್ಕನ್ನು ನಾನು ದಾಳ ಹಾಕಿದವರಿಗೇ ಬಿಡುತ್ತೇನೆ. ಒಮ್ಮೆ ಒಬ್ಬಳು ಸತ್ತ ಕುದುರೆಯ ಹೊಟ್ಟೆಯಡಿ ತೂರಿಕೊಂಡೆ ಅಂದಳು. ಕುದುರೆ ಅಲ್ಲಿದ್ದದ್ದು ನನಗೇ ಮರೆತುಹೋಗಿತ್ತು!

2000ದಲ್ಲಿ ಮೂರನೇ ಆವೃತ್ತಿ ಐದು ಸಾಲನ್ನು ಮೂರಕ್ಕಿಳಿಸಿತು: ಫಾರ್ಟಿಟ್ಯೂಡ್, ರಿಫ್ಲೆಕ್ಸ್, ವಿಲ್. ಮೈ, ಚುರುಕು, ಮನಸ್ಸು. ಕಲಿಯಲು ಸುಲಭ. ಆಮೇಲೆ 2008ರ ನಾಲ್ಕನೇ ಆವೃತ್ತಿ ನಮ್ಮ ಹೊಸಬರ ಮಾತನ್ನೇ ಒಪ್ಪಿಕೊಂಡಿತು: ಮಂತ್ರ ಹಾಕಿದವನೇ ದಾಳ ಹಾಕಲಿ! ಫಾರ್ಟಿಟ್ಯೂಡ್, ರಿಫ್ಲೆಕ್ಸ್, ವಿಲ್ ಮೂರೂ ಆರ್ಮರ್ ಕ್ಲಾಸ್ ತರ ಬರೀ ಸಂಖ್ಯೆಗಳಾದವು. ಸೇವಿಂಗ್ ಥ್ರೋ ಅನ್ನುವ ಹೆಸರು ಬೇರೆ ಕೆಲಸಕ್ಕೆ ಹೋಯಿತು. ಮೈಮೇಲೆ ಹತ್ತಿದ ಬೆಂಕಿಯೋ ವಿಷವೋ ಬಿಟ್ಟಿತಾ ಅಂತ ನಿಮ್ಮ ಸರದಿಯ ಕೊನೆಗೆ ನೋಡುವುದು, 10 ಅಥವಾ ಜಾಸ್ತಿ ಬಿದ್ದರೆ ಬಿಟ್ಟಿತು. ಲೆಕ್ಕಕ್ಕೆ ಇದು ಅಚ್ಚುಕಟ್ಟು. ಆದರೆ ಫೈರ್‌ಬಾಲ್ ಬಂದಾಗ ಆಟಗಾರರು ನಾನು ಹೇಳುವ ಅಂಕಿ ಬರೆದುಕೊಳ್ಳುತ್ತಾ ಕೂರಬೇಕಿತ್ತು. ಮೇಜಿನ ಸದ್ದೇ ಅಡಗಿಹೋಗುತ್ತಿತ್ತು. 2014ರ ಐದನೇ ಆವೃತ್ತಿಯಲ್ಲಿ ದಾಳ ಮತ್ತೆ ಆಟಗಾರರ ಕೈಗೆ ಬಂತು. ಪಾತ್ರದ ಆರು ಗುಣಗಳಿಗೂ ಒಂದೊಂದು ಸೇವ್.

ಈಗಿನದಕ್ಕೂ ನನ್ನದೊಂದು ತಕರಾರಿದೆ. ಒಬ್ಬೊಬ್ಬರಿಗೆ ಶುರುವಿಗೆ ಎರಡು ಸೇವ್‌ನಲ್ಲಿ ಮಾತ್ರ ಪ್ರೊಫಿಷಿಯನ್ಸಿ. ಯೋಧನಿಗೆ ಮೈಬಲ ಮತ್ತು ಗಟ್ಟಿತನ. ಮನಸ್ಸು ಕೆಡಿಸುವ ಮಂತ್ರಗಳು ಹೆಚ್ಚಾಗಿ ಕೇಳುವುದು ವಿಸ್ಡಮ್ ಸೇವ್. ವಿಸ್ಡಮ್ ಬೋನಸ್ ಸೊನ್ನೆ ಇರುವ ಯೋಧ ಒಂದನೇ ಲೆವೆಲ್‌ನಲ್ಲಿ 13 ಮುಟ್ಟಬೇಕು, ನೂರಕ್ಕೆ 40 ಸಲ ಪಾರಾಗುತ್ತಾನೆ. ಅದೇ ಯೋಧ 17ನೇ ಲೆವೆಲ್‌ಗೆ ಬಂದು ಸರಿಸಮ ಮಾಂತ್ರಿಕನ ಎದುರು ನಿಂತರೆ 19 ಮುಟ್ಟಬೇಕು. ನೂರಕ್ಕೆ 10! ಹಳೇ ಪಟ್ಟಿಯಲ್ಲಿ ಮಂತ್ರದ ಸೇವ್ 16ರಿಂದ ಶುರುವಾಗಿ, ಯೋಧ ಪಳಗುತ್ತಾ ಹೋದಂತೆ 8ಕ್ಕೆ ಇಳಿಯುತ್ತಿತ್ತು. ಅನುಭವ ಅಂದರೆ ಅದು ಅಲ್ವಾ? ಈಗ ಪಕ್ಕದಲ್ಲಿ ಒಬ್ಬ ಪ್ಯಾಲಡಿನ್, ಅಂದರೆ ವ್ರತ ಹಿಡಿದ ವೀರ, ಇರಬೇಕು. ಆರನೇ ಲೆವೆಲ್‌ನಿಂದ ಅವನ ಹತ್ತಿರ ನಿಂತವರ ಸೇವ್‌ಗಳಿಗೆಲ್ಲ ಅವನ ಕರಿಸ್ಮಾ ಬೋನಸ್ ಸೇರುತ್ತದೆ. ನಮ್ಮ ಗುಂಪಿನವರು ಅವನನ್ನು ಕೊಡೆ ಅಂತಲೇ ಕರೆಯುತ್ತಾರೆ.

ಇಷ್ಟೆಲ್ಲ ಹೇಳಿದರೂ ಕೆಲವರ ಮುಖದಲ್ಲಿ ಅನುಮಾನ ಹೋಗುವುದಿಲ್ಲ. ಅವರ ಪಾತ್ರ ಸೊನ್ನೆ ಹಿಟ್ ಪಾಯಿಂಟ್‌ಗೆ ಬಿದ್ದ ದಿನ ಹೋಗುತ್ತದೆ. ಆಗ ಪ್ರತಿ ಸರದಿಗೆ ಒಂದು ಡೆತ್ ಸೇವ್. 10 ಅಥವಾ ಜಾಸ್ತಿ ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವಿಗೆ ಜೀವ ನಿಲ್ಲುತ್ತದೆ, ಮೂರು ಸೋಲಿಗೆ ಹೋಗುತ್ತದೆ. 1 ಬಿದ್ದರೆ ಎರಡು ಸೋಲು. 20 ಬಿದ್ದರೆ ಒಂದು ಹಿಟ್ ಪಾಯಿಂಟ್‌ನೊಂದಿಗೆ ಎದ್ದು ಕೂರಬಹುದು. ಎರಡು ಸೋಲು ಆಗಿರುವಾಗ "ಬೇಕಾದ್ರೆ ನಾನು ಹಾಕ್ಲಾ?" ಅಂತ ಕೈ ಚಾಚಿ ನೋಡಿದ್ದೇನೆ. ದಾಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನನ್ನ ಕೈಗೆ ಒಂದು ಏಟು ಕೊಟ್ಟರು.