ನದಿಗೊಂದು ಫಾರಂ: ಅಮ್ಮನ ಜೊತೆಗಿನ ಪ್ರವಾಸ ಪುಸ್ತಕ ಎಲ್ಲಿಗೆ ಬಂದಿದೆ

ಜುಲೈ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಮ್ಮನೂ ನಾನೂ ಸುತ್ತಿದ ಊರುಗಳನ್ನು ಚಿತ್ರ, ಬರಹ, ಟಿಕೆಟ್‌ಗಳ ಮೂಲಕ ಒಂದು ಪುಸ್ತಕದಲ್ಲಿ ಹಿಡಿದಿಡುವ ಕೆಲಸವನ್ನು ಈ ಮಳೆಗಾಲದಲ್ಲಿ ಕೈಗೆತ್ತಿಕೊಂಡಿದ್ದೇವೆ. ಅಂಗಡಿಯಲ್ಲಿ ಸಿಗುವ ಸಿದ್ಧ ಪುಸ್ತಕ ಬೇಡವೆಂಬುದನ್ನು ಮೊದಲೇ ತೀರ್ಮಾನಿಸಿದೆವು. ಬೈಂಡ್ ಆದ ಪುಸ್ತಕದಲ್ಲಿ ಚೀಟಿ, ಎಲೆ, ಬಟ್ಟೆಯ ತುಂಡುಗಳನ್ನು ಅಂಟಿಸುತ್ತ ಹೋದರೆ ಬೆನ್ನಿನ ದಪ್ಪ ಮೊದಲಿದ್ದಷ್ಟೇ ಇದ್ದು ಬಾಯಿ ಮಾತ್ರ ಉಬ್ಬುತ್ತದೆ, ರಟ್ಟು ಮುಚ್ಚುವುದಿಲ್ಲ. ಆದ್ದರಿಂದ ಹಾಳೆಗಳನ್ನು ಮಡಿಸಿ ಬಿಡಿಬಿಡಿ ಫಾರಂಗಳಾಗಿ, ಅಂದರೆ ಒಂದರೊಳಗೊಂದು ಮಡಿಸಿದ ಹಾಳೆಗಳ ಕಟ್ಟುಗಳಾಗಿ ಇಟ್ಟುಕೊಂಡು, ಎಲ್ಲವೂ ತುಂಬಿದ ಮೇಲೆಯೇ ಹೊಲಿಯುವುದೆಂದು ಗೊತ್ತುಮಾಡಿದ್ದೇವೆ.

ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಚರ್ಚೆ ಬಹಳ ನಡೆಯಿತು. ನಾನು ಇಸವಿಯ ಪ್ರಕಾರ ಹೋಗೋಣವೆಂದೆ. ಅಮ್ಮನಿಗೆ ಇಸವಿಗಳ ಹಂಗಿಲ್ಲ. ಇಂಥ ಊರಿಗೆ ಯಾವಾಗ ಹೋಗಿದ್ದೆವು ಎಂದು ಕೇಳಿದರೆ, ಹೊಳೆ ದಾಟುವಾಗ ನೀರು ಎಷ್ಟಿತ್ತು, ದೋಣಿಯಲ್ಲಿ ಪಕ್ಕದಲ್ಲಿ ಯಾರು ಕುಳಿತಿದ್ದರು, ಆಚೆ ದಡದಲ್ಲಿ ಬಸ್ಸು ಸಿಕ್ಕಿತೋ ಇಲ್ಲವೋ ಎಂಬಲ್ಲಿಂದ ಆಕೆಯ ಉತ್ತರ ಶುರುವಾಗುತ್ತದೆ. ಹಾಗೆಂದ ಮೇಲೆ ನದಿಯೇ ಕ್ರಮವಾಗಲಿ ಎಂದಾಯಿತು: ಶರಾವತಿ, ವರದಾ, ಕುಮುದ್ವತಿ, ತುಂಗಾ, ಭದ್ರಾ. ಒಂದೊಂದು ನದಿಗೆ ಒಂದೊಂದು ಫಾರಂ. ಶರಾವತಿಗೆ ಮಾತ್ರ ಎರಡು ಬೇಕಾಗಬಹುದು.

ಗಾಂಧಿ ಬಜಾರಿನಿಂದ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ತೂಕದ, 22×30 ಇಂಚಿನ ಡ್ರಾಯಿಂಗ್ ಹಾಳೆಗಳನ್ನು ತಂದು, ನಾಲ್ಕಾಗಿ ಕತ್ತರಿಸಿ, ಮೂರು ಮೂರು ತುಂಡುಗಳನ್ನು ಒಂದರೊಳಗೊಂದು ಮಡಿಸಿದ್ದೇವೆ. ಹೀಗೆ ಒಂದು ಫಾರಂಗೆ ಹನ್ನೆರಡು ಪುಟಗಳಾಗುತ್ತವೆ. ಮಡಿಸುವ ಮುನ್ನ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ, ಯಾವ ಕಡೆ ಸಲೀಸಾಗಿ ಬಾಗುತ್ತದೆ ಎಂದು ನೋಡಿಕೊಳ್ಳಬೇಕು. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿ ಓಡಿದರೆ ಮಡಿಕೆ ಒಡೆಯುವುದಿಲ್ಲ, ಬಣ್ಣದ ನೀರು ತಾಗಿದಾಗ ಪುಟ ಅಡ್ಡಾದಿಡ್ಡಿಯಾಗಿ ಸೊಟ್ಟಗಾಗುವುದೂ ಕಡಿಮೆ. ಫಾರಂನ ಒಳಮಡಿಕೆಗಳಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ ಕಾಗದದ ಪಟ್ಟಿಗಳನ್ನೂ ಸೇರಿಸಿದ್ದೇವೆ. ಮುಂದೆ ಅಂಟಿಸುವ ವಸ್ತುಗಳ ದಪ್ಪಕ್ಕೆ ಬೆನ್ನಿನ ಕಡೆಯಲ್ಲಿ ಈ ಪಟ್ಟಿಗಳೇ ಎದುರುದಪ್ಪ ಕೊಡುತ್ತವೆ.

ಆಗಸ್ಟ್

ಅಂಟಿನ ವಿಷಯದಲ್ಲಿ ಮಲೆನಾಡಿನ ಮಳೆಗಾಲ ಯಾರ ಮಾತನ್ನೂ ಕೇಳುವುದಿಲ್ಲ. ಮೈದಾ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕುದಿಸಿದ ಅಂಟು ಕಾಗದಕ್ಕೆ ಬಲು ಹಿತವಾದದ್ದು. ಆದರೆ ಈ ಹವೆಯಲ್ಲಿ ಅದಕ್ಕೆ ಬೂಸು ಹಿಡಿಯುವುದಕ್ಕೆ ಹೆಚ್ಚು ಹೊತ್ತು ಬೇಡ, ಜಿರಳೆಗೂ ಅದು ಇಷ್ಟದ ಆಹಾರ. ಹಳೆಯ ಬೈಂಡಿಂಗ್ ಕೆಲಸದವರು ಇದಕ್ಕೆಂದೇ ಅಂಟಿನಲ್ಲಿ ಚೂರು ಮೈಲುತುತ್ತ ಸೇರಿಸುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಮೈಲುತುತ್ತಕ್ಕೆ ಬರವಿಲ್ಲವಾದ್ದರಿಂದ ನಾವೂ ಅದನ್ನೇ ಚಿಟಿಕೆಯಷ್ಟು ಹಾಕಿದೆವು. ಅದು ವಿಷವಾದ್ದರಿಂದ ಅದಕ್ಕೆ ಬಳಸಿದ ಪಾತ್ರೆ ಮತ್ತು ಸೌಟು ಅಡುಗೆಮನೆಗೆ ಮರಳುವಂತಿಲ್ಲ. ಅಂಟಿಸಿದ ಪುಟಗಳ ನಡುವೆ ಹಳೆಯ ಪೇಪರ್ ಇಟ್ಟು, ಮೇಲೊಂದು ಮಣೆ, ಮಣೆಯ ಮೇಲೆ ಭಾರ. ಆ ಪೇಪರನ್ನು ದಿನವೂ ಬದಲಿಸುತ್ತಿರಬೇಕು.

ಟಿಕೆಟ್‌ಗಳದು ಬೇರೆಯೇ ಕಥೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಅಮ್ಮ ಸರ್ಕಾರಿ ಬಸ್ಸಿನಲ್ಲಿ ಹೋದಲ್ಲೆಲ್ಲ ಸಿಕ್ಕ ಶೂನ್ಯ ದರದ ಟಿಕೆಟ್‌ಗಳನ್ನು ಪರ್ಸಿನಲ್ಲಿ ಜೋಪಾನ ಮಾಡಿದ್ದಳು. ದುಡ್ಡು ಕೊಟ್ಟು ಕೊಂಡ ಟಿಕೆಟ್‌ಗಳನ್ನು ಜನ್ಮದಲ್ಲಿ ಇಟ್ಟುಕೊಳ್ಳದವಳು ಪುಕ್ಕಟೆ ಟಿಕೆಟ್‌ಗಳನ್ನು ಮಾತ್ರ ಕೂಡಿಟ್ಟದ್ದೇಕೆಂದು ನಾನು ಕೇಳಿಲ್ಲ. ಯಂತ್ರದಲ್ಲಿ ಬರುವ ಈ ಟಿಕೆಟ್ ಶಾಖಕ್ಕೆ ಕಪ್ಪಾಗುವ ಲೇಪವಿರುವ ಕಾಗದದ್ದು. ಶಾಯಿಯೇ ಇಲ್ಲದ ಅಕ್ಷರಗಳು ಬೆಳಕಿಗೆ, ಎಣ್ಣೆ ಕೈಗೆ, ಕೆಲವು ಅಂಟುಗಳಿಗೆ ಮಾಸಿಹೋಗುತ್ತವೆ, ಬಿಸಿ ತಾಗಿದರೆ ಇಡೀ ಚೀಟಿ ಕಪ್ಪಾಗುತ್ತದೆ. ಹಾಗಾಗಿ ಅವುಗಳನ್ನು ಅಂಟಿಸದೆ, ಬಟರ್ ಪೇಪರಿನ ಪುಟ್ಟ ಜೇಬು ಮಾಡಿ ಅದರಲ್ಲಿ ಇಳಿಬಿಟ್ಟಿದ್ದೇವೆ. ಎಲ್ಲಿಂದ ಎಲ್ಲಿಗೆ ಎಂಬುದನ್ನು ಅಮ್ಮ ಜೇಬಿನ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ. ಅಕ್ಷರ ಮಾಸಿದರೂ ಸೀಸದ ಬರಹ ಉಳಿದೀತು. ಇದಕ್ಕೆ ಹೋಲಿಸಿದರೆ ತಾಳಗುಪ್ಪದ ಹಳಿ ಮೀಟರ್ ಗೇಜ್ ಇದ್ದ ಕಾಲದ, ಅಮ್ಮನ ಟ್ರಂಕಿನಿಂದ ಹೊರಬಂದ ಗಟ್ಟಿ ರಟ್ಟಿನ ರೈಲು ಟಿಕೆಟ್ ಇಂದಿಗೂ ಓದುವಂತಿದೆ. ರೈಲಿಗೆ ನದಿ ಯಾವುದು ಎಂಬ ಪ್ರಶ್ನೆ ಬಂದಾಗ, ತಾಳಗುಪ್ಪಕ್ಕೆ ಹೋಗುವುದೇ ಜೋಗಕ್ಕಲ್ಲವೇ ಎಂದು ಅಮ್ಮ ಅದನ್ನು ಶರಾವತಿಯ ಪಾಲಿಗೆ ಹಾಕಿದಳು.

ಅಕ್ಟೋಬರ್

ಶರಾವತಿಯ ಫಾರಂ ಮುಕ್ಕಾಲು ಮುಗಿದಿದೆ. ನದಿಯ ಮೂಲ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಇರುವುದರಿಂದ ಮೊದಲ ಪುಟ ಅಲ್ಲಿಯದು. ಚಿಕ್ಕ ಕೊಳ, ಚಿಕ್ಕ ಚಿತ್ರ, ಹೇಳುವಂಥದ್ದು ಹೆಚ್ಚೇನಿಲ್ಲ.

ಜೋಗದ ಪುಟದಲ್ಲಿ ಜಲಪಾತವೇ ಇಲ್ಲ. ನಾವು ಹೋದ ದಿನ 253 ಮೀಟರ್ ಎತ್ತರದಿಂದ ನೀರು ಬೀಳುವ ಸದ್ದು ಕೇಳಿಸುತ್ತಿತ್ತೇ ಹೊರತು ಮಂಜಿನಲ್ಲಿ ಎದುರಿನ ಬಂಡೆಯೂ ಕಾಣಿಸಿರಲಿಲ್ಲ. ನಾನು ಬೇರೆ ದಿನ ತೆಗೆದ ಫೋಟೊ ನೋಡಿ ಬಿಡಿಸೋಣವೆಂದೆ. "ನೋಡದ್ದನ್ನು ನೋಡಿದ ಹಾಗೆ ಬರೆಯೋದು ಬೇಡ ಮಾರಾಯ್ತಿ" ಎಂದ ಅಮ್ಮ, ತೆಳ್ಳಗಿನ ಅಕ್ಕಿಹಿಟ್ಟಿನ ಬಿಳಿಯನ್ನು ಪುಟದ ತುಂಬ ಬಳಿದು, ಒಣಗಿದ ಮೇಲೆ ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಹೆಸರುಗಳನ್ನು ಆಯಾ ಕವಲು ಇರಬೇಕಾದ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ಬರೆದಳು. ಈವರೆಗಿನ ಪುಟಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ.

ಸಿಗಂದೂರಿನದು ಉದ್ದನೆಯ ಮಡಿಕೆ ಹಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನ ಆಚೆ ಉಳಿದ ತುಮರಿ ಕಡೆಯ ಊರುಗಳಿಗೆ ಲಾಂಚೇ ದಾರಿಯಾಗಿತ್ತು; ಬಸ್ಸು, ಜೀಪು, ಬೈಕು, ಜನ ಎಲ್ಲವೂ ಅದರ ಮೇಲೆಯೇ ದಾಟಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅಮ್ಮನಿಗೆ ಎರಡೂ ಬೇಕು, ಆದರೆ ಒಟ್ಟಿಗೆ ಕಾಣಬಾರದು. ಅದಕ್ಕಾಗಿ ನಾಲ್ಕು ಮಡಿಕೆಯ ಪಟ್ಟಿಯ ಒಂದು ಬದಿಗೆ ತಂತಿಗಳು ಹಿಡಿದ ಸೇತುವೆಯನ್ನು ನಾನು ಪೆನ್ನಿನಲ್ಲಿ ಎಳೆದಿದ್ದೇನೆ, ಹಿಂಬದಿಯಲ್ಲಿ ಅಮ್ಮನ ಲಾಂಚು. ಆಕೆಯ ಲಾಂಚಿನಲ್ಲಿ ಬಸ್ಸಿಗಿಂತ ದೊಡ್ಡದಾಗಿ ಕಾಣುವುದು, ಹಣ್ಣುಕಾಯಿಯ ಚೀಲ ಹಿಡಿದು ನಿಂತ ಹೆಂಗಸು. ಅದು ಯಾರೆಂದು ಅಮ್ಮ ಹೇಳಿಲ್ಲವಾದರೂ ಸೀರೆಯ ಅಂಚಿನಿಂದ ನನ್ನ ಸೋದರತ್ತೆ ಎಂದು ಗೊತ್ತಾಗುತ್ತದೆ.

ಬಣ್ಣದ ವಿಚಾರಕ್ಕೆ ಬಂದರೆ, ಈ ತಿಂಗಳು ಭೂಮಿ ಹುಣ್ಣಿಮೆ ಬಂದದ್ದು ಅನುಕೂಲವಾಯಿತು. ಅಮ್ಮನ ತವರಿನಲ್ಲಿ ಆ ಹಬ್ಬಕ್ಕೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ರೂಢಿಯಿದೆ; ಸಾಗರ ಸೀಮೆಯ ದೀವರ ಮನೆಗಳಲ್ಲಿ ಮದುವೆಯ ಹಸೆಗೋಡೆಗೂ ಇದೇ ಕೈ, ಇದೇ ಬಣ್ಣ. ಕೆಮ್ಮಣ್ಣಿನ ಕೆಂಪು, ನೆನೆಸಿ ಅರೆದ ಅಕ್ಕಿಯ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಬುಟ್ಟಿಗೆಂದು ಮಾಡಿದ್ದರಲ್ಲಿ ಸ್ವಲ್ಪ ಉಳಿಸಿ, ಕಾಗದಕ್ಕೆ ಹಿಡಿಯಲೆಂದು ಗೋಂದು ಬೆರೆಸಿಕೊಂಡೆವು. ಕುಂಚ ಪುಂಡಿ ನಾರಿನದು. ಅಮ್ಮ ನಾರಿನ ಸಿಬಿರನ್ನು ಬಿಗಿಯಾಗಿ ಸುತ್ತಿ, ತುದಿಯನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಬಿಡಿಸಿ, ಬಣ್ಣಕ್ಕೆ ಅದ್ದಿದ ಮೇಲೆ ಒಮ್ಮೆ ಬಟ್ಟಲಿನ ಅಂಚಿಗೆ ಒರಸುತ್ತಾಳೆ. ಆಮೇಲೆ ಉಸಿರು ಹಿಡಿದು ಎಳೆಯುವ ಗೆರೆ ಪುಟದ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪದಲ್ಲಿ ಸಾಗುತ್ತದೆ. ನನ್ನ ನೈಲಾನ್ ಬ್ರಷ್ಷಿಗೆ ಅಕ್ಕಿಯ ಬಿಳಿ ಒಗ್ಗುವುದಿಲ್ಲ. ಆದ್ದರಿಂದ ಎಲ್ಲ ಪುಟಗಳ ಅಂಚಿನ ಚಿತ್ತಾರ ಅಮ್ಮನದು, ನಡುವಿನ ಜಾಗ ಯಾರಿಗೆ ನೆನಪು ಹೆಚ್ಚೋ ಅವರದು.

ಡಿಸೆಂಬರ್

ಅಡಿಕೆ ಕೊಯ್ಲು ನಡೆದಿದೆ, ಚೊಗರು ಸಿಕ್ಕಿದೆ. ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದ ಈ ರಸ ಬಟ್ಟೆಗೆ ಬಣ್ಣ ಕಟ್ಟುವುದಕ್ಕೂ ಒದಗುತ್ತದೆ. ಹಾಗೆಯೇ ಬಳಿದರೆ ಕಂದು. ಸುಣ್ಣದ ತಿಳಿ ಸೋಕಿಸಿದರೆ ಕೆಂಪಿಗೆ ತಿರುಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ನೆನೆಸಿಟ್ಟ ಹುಳಿನೀರು ತಾಗಿಸಿದರೆ ಅದರ ಒಗರು ಕಬ್ಬಿಣದೊಂದಿಗೆ ಸೇರಿ ಕಪ್ಪಾಗುತ್ತದೆ. ದಪ್ಪಗೆ ಬಳಿದ ಚೊಗರು ಒಣಗಿ ಹೊಳೆಯುತ್ತದಾದರೂ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ತೆಳುವಾಗಿ ಮೂರು ನಾಲ್ಕು ಕೈ ಹಾಕುವುದೇ ಸರಿ. ವರದೆಯ ಫಾರಂ ಪೂರ್ತಿ ಈ ಮೂರು ಬಣ್ಣಗಳಲ್ಲೇ ಇದೆ: ವರದಾಮೂಲ, ಅದರ ಹತ್ತಿರದ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ದೇವಸ್ಥಾನದ ಚಾವಣಿಯಲ್ಲಿರುವ ಗಂಡಭೇರುಂಡ, ಕೊನೆಗೆ ನದಿಯ ಜಾಡು ಹಿಡಿದು ಹೋದ ಬನವಾಸಿ. ಗಂಡಭೇರುಂಡವನ್ನು ತಲೆ ಎತ್ತಿ ನೋಡಿ ಕುತ್ತಿಗೆ ನೋವಾದದ್ದಷ್ಟೇ ನೆನಪು ಎಂದು ಅಮ್ಮ ಹೇಳಿದ್ದರಿಂದ ಆ ಚಿತ್ರವನ್ನು ಪುಟದಲ್ಲಿ ತಲೆಕೆಳಗಾಗಿ ಬರೆದಿದ್ದೇನೆ, ನೋಡುವವರು ಪುಸ್ತಕವನ್ನು ತಿರುಗಿಸಿಯೇ ನೋಡಬೇಕು.

ಕುಮುದ್ವತಿಯದು ಇನ್ನೂ ಖಾಲಿ, ಹುಂಚಕ್ಕೆ ಮತ್ತೊಮ್ಮೆ ಹೋಗಿಬರಬೇಕು. ತುಂಗೆಯದು ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆಗಳಿಂದ ತುಂಬಿದೆ. ಭದ್ರೆಯ ಫಾರಂಗೆ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್‌ನ ಹಳೆಯ ಗೆರೆ ಹಾಳೆಗಳನ್ನು ನಡುನಡುವೆ ಸೇರಿಸಿದ್ದೇವೆ. 1936ರಲ್ಲಿ ಆರಂಭವಾಗಿ ಈಗ ಉತ್ಪಾದನೆ ನಿಲ್ಲಿಸಿರುವ ಆ ಕಾರ್ಖಾನೆಯ ಕಾಗದ ಅಮ್ಮನ ಟ್ರಂಕಿನ ಅಡಿಯಲ್ಲಿ ಉಳಿದಿತ್ತು. ತೆಳು ಹಾಳೆಯಾದ್ದರಿಂದ ನೀರು ಬಣ್ಣ ತಡೆಯದು, ಪೆನ್ಸಿಲ್ ಬರಹಕ್ಕೆ ಸಾಕು.

ಹೊಲಿಗೆ ಜನವರಿಯ ಒಣ ಹವೆಯಲ್ಲಿ. ಫಾರಂಗಳನ್ನು ಬೆನ್ನಿನಲ್ಲಿ ಸರಪಳಿಯಂತೆ ಒಂದಕ್ಕೊಂದು ಕೊಂಡಿ ಹಾಕಿ ಹೊಲಿಯುವ ಕಾಪ್ಟಿಕ್ ಹೊಲಿಗೆಯನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿವೆ: ಪುಸ್ತಕ ಪೂರ್ತಿ ಮಲಗಿ ತೆರೆದುಕೊಳ್ಳುತ್ತದೆ, ಬೆನ್ನಿಗೆ ಅಂಟಿನ ಅಗತ್ಯವಿಲ್ಲವಾದ್ದರಿಂದ ಹುಳುವಿಗೆ ಅಲ್ಲಿ ಕೆಲಸವಿಲ್ಲ. ಜೇನುಮೇಣ ಸವರಿದ ದಾರ, ತೂತಿಗೆ ದಬ್ಬಳ, ಎರಡು ಮಿಲಿಮೀಟರ್ ರಟ್ಟು, ಎಲ್ಲವೂ ಸಿದ್ಧವಾಗಿವೆ.

ಉಳಿದಿರುವುದು ಕೂಡ್ಲಿಯ ಪುಟ. ತುಂಗೆಯೂ ಭದ್ರೆಯೂ ಸೇರುವ ಊರನ್ನು ಯಾವ ಫಾರಂನಲ್ಲಿ ಇಡುವುದು? ತುಂಗೆಯ ಕೊನೆಯ ಹಾಳೆಯನ್ನೂ ಭದ್ರೆಯ ಮೊದಲ ಹಾಳೆಯನ್ನೂ ಅಂಚಿನಲ್ಲಿ ಜೋಡಿಸಿ ಒಂದೇ ಚಿತ್ರ ಬರೆಯಬಹುದು, ಆದರೆ ಹೊಲಿಗೆ ಎರಡು ಫಾರಂಗಳ ನಡುವೆ ಹಾದುಹೋಗುವುದರಿಂದ ಆ ಜೋಡಣೆಗೆ ಬಟ್ಟೆಯ ಕೀಲು ಬೇಕಾಗುತ್ತದೆ. ಅಮ್ಮನ ಹಳೆಯ ಹತ್ತಿ ಸೀರೆಯ ಅಂಚಿನಿಂದ ಒಂದು ಕೀಲು ಮಾಡಿ, ರದ್ದಿ ಹಾಳೆಗಳ ಮೇಲೆ ಮಡಿಸಿ ಬಿಡಿಸಿ ನೋಡುತ್ತಿದ್ದೇವೆ. ಅದು ನಿಂತರೆ ಮಾತ್ರ ದಾರ ಪೋಣಿಸುವುದು.