ದಾರಿ ಯಾರದ್ದು ಅಂತ ಅಪ್ಪ ಕೇಳಿದ್ದು

ಜೂನ್ 22, 2025, ಭಾನುವಾರ

ಊರಿನಿಂದ ಬಂದಿರುವ ಅಪ್ಪನನ್ನು ನಿನ್ನೆ ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಮ್ಯೂಕರ್ ಅನ್ನುವ ಹಳ್ಳಿಗೆ ಕರೆದುಕೊಂಡು ಹೋಗಿದ್ದೆವು. ಸ್ವೇಲ್ ನದಿಯ ಕಣಿವೆಯಲ್ಲಿ ಹುಲ್ಲುಗದ್ದೆಗಳು ಹೂಬಿಡುವ ಸಮಯ ಇದು. ಇನ್ನು ಕೆಲವೇ ವಾರಕ್ಕೆ ಕಟಾವು ಶುರುವಾಗುತ್ತದೆ, ಈಗಲೇ ತೋರಿಸಬೇಕು ಅಂತ ನನ್ನ ಹಟ. ಅಪ್ಪ ಮೊದಲ ಗದ್ದೆಗೆ ಕಾಲಿಡುವುದಕ್ಕೇ ಒಪ್ಪಲಿಲ್ಲ.

"ಯಾರದ್ದೋ ಗದ್ದೆ ಮಾರಾಯ್ತಿ. ಬೆಳೆದು ನಿಂತ ಹುಲ್ಲು. ಕೇಳದೆ ನುಗ್ಗೋದಾ?"

ನಾನು ಕಂಬದ ಮೇಲಿನ ಹಳದಿ ಬಾಣ ತೋರಿಸಿದೆ. ಹಳದಿ ಅಂದರೆ ಕಾಲುದಾರಿ, ನಡೆಯುವವರಿಗೆ. ನೀಲಿ ಆದರೆ ಕುದುರೆಗೂ ಸೈಕಲ್ಲಿಗೂ ಸರಿ. ಇಲ್ಲಿಯ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ನಕ್ಷೆಯನ್ನೂ ಬಿಡಿಸಿದೆ. ಒಂದೊಂದು ಗೋಡೆಯೂ ಅದರಲ್ಲಿದೆ, ಗದ್ದೆಗಳ ನಡುವೆ ಹಾದುಹೋಗುವ ಹಸಿರು ಬಿಡಿಗೆರೆಯೂ ಇದೆ. "ಈ ಗೆರೆ ಇದ್ದರೆ ಯಾರನ್ನೂ ಕೇಳಬೇಕಾಗಿಲ್ಲ ಅಪ್ಪಾ. ನೆಲ ಅವರದ್ದೇ. ನಡೆಯೋ ಹಕ್ಕು ಎಲ್ಲರದ್ದು."

ಅಪ್ಪ ನಕ್ಷೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕನ್ನಡಕ ಮೇಲೆ ಸರಿಸಿ ನೋಡಿದ. ಬಹಳ ಹೊತ್ತು ನೋಡಿದ. ಯಾಕೆ ಅಷ್ಟು ಹೊತ್ತು ಅಂತ ಆಗ ನನಗೆ ಹೊಳೆಯಲಿಲ್ಲ.

ಅಲ್ಲಿ ಗೋಡೆ ದಾಟುವ ಜಾಗ ಒಂದು ಸಣ್ಣ ಸಂದು ಅಷ್ಟೇ. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಪಾಗಾರದಲ್ಲಿ ಎರಡು ಚಪ್ಪಡಿ ಎದುರುಬದುರು ನಿಲ್ಲಿಸಿದ್ದಾರೆ. ಮೇಲೆ ಸ್ವಲ್ಪ ಅಗಲ, ಕೆಳಗೆ ಒಂದು ಕಾಲು ಹಿಡಿಸುವಷ್ಟೇ. ಮನುಷ್ಯರು ಒಂದೊಂದೇ ಕಾಲು ಎತ್ತಿಟ್ಟು ದಾಟಬಹುದು, ಕುರಿಗೆ ಆಗದು. ಮರಿಯೂ ನುಸುಳಬಾರದು ಅಂತ ಪುಟ್ಟ ಮರದ ಬಾಗಿಲು, ಅದಕ್ಕೊಂದು ಸ್ಪ್ರಿಂಗು. ಕೈ ಬಿಟ್ಟರೆ ಫಟ್ ಅಂತ ಮುಚ್ಚಿಕೊಳ್ಳುತ್ತದೆ. ಅಪ್ಪ ಅದನ್ನು ಎರಡು ಮೂರು ಸಲ ತೆಗೆದು ಬಿಟ್ಟ. ಚಪ್ಪಡಿಯ ಒಳಅಂಚನ್ನು ಸವರಿದ. ಮೊಣಕಾಲು, ಬಟ್ಟೆ ಉಜ್ಜಿ ಉಜ್ಜಿ ಕಲ್ಲು ಅಲ್ಲಿ ನುಣುಪಾಗಿದೆ.

"ನಮ್ಮ ತಡಮೆಯೇ. ನಾವು ಮರದಲ್ಲಿ ಮಾಡ್ತೀವಿ, ಇವರು ಕಲ್ಲಲ್ಲಿ ಮಾಡಿದ್ದಾರೆ" ಅಂದ. ಆಮೇಲೆ ದಾಟಿದ.

ಗದ್ದೆಯ ನಡುವೆ ಚಪ್ಪಡಿ ಹಾಸಿದ್ದಾರೆ, ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು. ಅಕ್ಕಪಕ್ಕ ಸೊಂಟದ ಹತ್ತಿರ ಬರುವ ಹುಲ್ಲು. ನೇರಳೆ ಬಣ್ಣದ ಕ್ರೇನ್ಸ್‌ಬಿಲ್, ಹಳದಿ ಬಟರ್‌ಕಪ್, ಕೆಳಗೆ ಯೆಲ್ಲೋ ರ್‍ಯಾಟಲ್. ಈ ರ್‍ಯಾಟಲ್ ಹುಲ್ಲಿನ ಬೇರಿಗೇ ಬಾಯಿ ಹಾಕಿ ಬದುಕುವ ಗಿಡ. ಅದು ಹುಲ್ಲಿನ ಸೊಕ್ಕು ಮುರಿಯುವುದರಿಂದಲೇ ಉಳಿದ ಹೂಗಳಿಗೆ ಜಾಗ. ಪುಟ್ಟಿ ಒಂದು ಕಾಯಿ ಅಲ್ಲಾಡಿಸಿದಳು, ಒಳಗೆ ಬೀಜ ಗಲಗಲ ಅನ್ನುವುದಕ್ಕೆ ಇನ್ನೂ ಸ್ವಲ್ಪ ದಿನ ಬೇಕು. ಆ ಸದ್ದು ಕೇಳಿದರೆ ಹುಲ್ಲು ಕಟಾವಿಗೆ ಬಂತು ಅಂತ ಇಲ್ಲಿಯ ಹಳಬರ ಲೆಕ್ಕ.

ಕೊನೆಯ ಗೋಡೆಯ ಹತ್ತಿರ ರೈತರೊಬ್ಬರು ಬಿದ್ದ ಕಲ್ಲುಗಳನ್ನು ಮತ್ತೆ ಏರಿಸುತ್ತಿದ್ದರು. ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಅಪ್ಪ ಅಲ್ಲೇ ನಿಂತುಬಿಟ್ಟ. "ಕೇಳು ಅವರನ್ನ. ಜನ ಹೀಗೆ ಗದ್ದೆಯೊಳಗೆ ಓಡಾಡಿದರೆ ಬೇಜಾರಿಲ್ವಾ ಅಂತ."

ನನಗೆ ಮುಜುಗರ. ಆದರೂ ಕೇಳಿದೆ.

ಓಡಾಡುವವರ ಮೇಲೆ ಬೇಜಾರಿಲ್ಲ, ಈ ದಾರಿ ನನ್ನ ಅಜ್ಜನಿಗಿಂತ ಹಳೇದು ಅಂದರು. ಬೇಜಾರು ಇರುವುದು ಚಪ್ಪಡಿ ಬಿಟ್ಟು ಹೂವಿನ ಮಧ್ಯೆ ಫೋಟೋಕ್ಕೆ ಇಳಿಯುವವರ ಮೇಲೆ. ತುಳಿದು ಮಲಗಿದ ಹುಲ್ಲು ಯಂತ್ರಕ್ಕೆ ಸಿಗುವುದಿಲ್ಲ. ಇನ್ನೊಂದು ನಾಯಿಗಳದ್ದು. ನಾಯಿಯ ಹೇಸಿಗೆ ಒಣಹುಲ್ಲಿನ ಜೊತೆ ಹಸುವಿನ ಹೊಟ್ಟೆ ಸೇರಿದರೆ ಹಸು ಕಂದು ಹಾಕುವುದೂ ಉಂಟು. ಇದನ್ನು ಹೇಳುವಾಗ ಅವರ ದನಿ ಗಟ್ಟಿಯಾಯಿತು. ಅಪ್ಪ ತಲೆಯಾಡಿಸಿದ, ನಾನು ಅನುವಾದ ಮಾಡುವ ಮೊದಲೇ.

"ಒಂದು ದಿನವಾದರೂ ಮುಚ್ಚಿಬಿಡೋಣ ಅನ್ನಿಸಿದ್ದಿಲ್ವಾ, ಕೇಳು."

ಅವರು ಕೈಲಿದ್ದ ಕಲ್ಲು ಕೆಳಗಿಟ್ಟು ಹೇಳಿದರು. ಮುಚ್ಚೋದಕ್ಕೆ ಅದು ನನ್ನದಲ್ಲವಲ್ಲ.

ಕಾರಿನಲ್ಲಿ ಅಪ್ಪ ಇದೊಂದೇ ಮಾತು ಹಿಡಿದುಕೊಂಡ. ಇವರಿಗೆ ಇದನ್ನು ಹೇಳಿಕೊಟ್ಟವರು ಯಾರು ಅಂತ. ನನಗೆ ಗೊತ್ತಿದ್ದಷ್ಟು ಹೇಳಿದೆ. ಇಲ್ಲೂ ಇದು ಸುಮ್ನೆ ಬಂದಿದ್ದಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ ಬೇಕೆಂದೇ ಅಕ್ರಮವಾಗಿ ಹತ್ತಿದರು, ಐವರು ಹುಡುಗರು ಜೈಲಿಗೆ ಹೋದರು. ಊರೂರಿನ ದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಿ ಅಂತ ಕಾನೂನು ಹೇಳಿದ್ದು 1949ರಲ್ಲಿ. ದಾಖಲಾಗದ ದಾರಿಯಲ್ಲೂ ಜನ ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ ರಾಜಾರೋಷವಾಗಿ ನಡೆದಿದ್ದರೆ ಅದು ಸಾರ್ವಜನಿಕ ದಾರಿ ಅಂತ ಕೇಳಬಹುದು. ಹಳೆಯ ದಾರಿಗಳನ್ನು ದಾಖಲಿಸುವುದಕ್ಕೆ 2031ರ ಗಡುವು ಇತ್ತು, ಅದನ್ನು ತೆಗೆಯುತ್ತೇವೆ ಅಂತ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಜನ ಇನ್ನೂ ಹಳೇ ನಕ್ಷೆ ಹುಡುಕಿ ಅರ್ಜಿ ಹಾಕುತ್ತಲೇ ಇದ್ದಾರೆ.

"ಇಪ್ಪತ್ತು ವರ್ಷ" ಅಂದ ಅಪ್ಪ. "ನಮ್ಮ ವಕೀಲರೂ ಅದನ್ನೇ ಹೇಳಿದ್ದು. ಇನ್ನೊಬ್ಬರ ಜಾಗದಲ್ಲಿ ಹಾದುಹೋಗೋ ಹಕ್ಕಿನ ಬಗ್ಗೆ ನಮ್ಮಲ್ಲಿರೋ 1882ರ ಕಾಯಿದೆ ಅಂತೆ."

ಆಗ ಗೊತ್ತಾಯಿತು ನನಗೆ. ಇಡೀ ದಿನ ಅಪ್ಪ ಮ್ಯೂಕರ್‌ನಲ್ಲಿ ಇರಲೇ ಇಲ್ಲ.

ಊರಿನ ವಿಷಯ ನಿಮಗೆಲ್ಲ ಗೊತ್ತಲ್ಲ. ನಮ್ಮ ಅಂಗಳದಿಂದ ಕೆಳಗಿನ ಕೇರಿಗೆ, ಅಲ್ಲಿಂದ ಹಳ್ಳಕ್ಕೆ ಹೋಗುವ ದಾರಿಗೆ ಹೊಸದಾಗಿ ಜಾಗ ಕೊಂಡವರು ಬೇಲಿ ಹಾಕಿದ್ದಾರೆ. ತಂತಿ ಬೇಲಿ, ದಾಟುವುದಕ್ಕೆ ಒಂದು ಉಣುಗೋಲೂ ಇಲ್ಲ. ಅಪ್ಪ ಅರ್ಜಿ ಹಿಡಿದು ಅಲೆದದ್ದೇ ಬಂತು. ಅಣ್ಣ ಬಿಟ್ಟುಬಿಡು ಅನ್ನುತ್ತಾನೆ, ರಸ್ತೆ ಇದೆಯಲ್ಲ ಅಂತ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನ ಬಿಪಿ ಮುಖ್ಯ, ದಾರಿ ಹೋದರೆ ಹೋಗಲಿ.

ನಮ್ಮ ಮನೆಯವರು ಐವ್‌ಲೆಟ್ ಸೇತುವೆ ಹತ್ತಿರ ಕಾರು ನಿಲ್ಲಿಸಿದರು. ಒಂದೇ ಕಮಾನಿನ, ಡುಬ್ಬ ಎತ್ತಿದ ಹಳೇ ಸೇತುವೆ. ಅದರ ಬಡಗಣ ತುದಿಯಲ್ಲಿ, ಹುಲ್ಲಿನಲ್ಲಿ ಒಂದು ಉದ್ದದ ಚಪ್ಪಡಿ ಇದೆ. 1580ರಲ್ಲಿ ಮ್ಯೂಕರ್‌ಗೆ ಅಂತ ಒಂದು ಚಾಪೆಲ್, ಅಂದರೆ ಪುಟ್ಟ ಚರ್ಚು, ಆಗುವವರೆಗೆ ಮೇಲಿನ ಹಳ್ಳಿಗಳವರು ಸತ್ತರೆ ಹೂಳುವುದಕ್ಕೆ ಕೆಳಗೆ ಗ್ರಿಂಟನ್ ಚರ್ಚಿಗೇ ಒಯ್ಯಬೇಕಿತ್ತು. ಬಳ್ಳಿಯಲ್ಲಿ ಹೆಣೆದ ಪೆಟ್ಟಿಗೆಯಲ್ಲಿಟ್ಟು ಹೊತ್ತುಕೊಂಡು, ಕಣಿವೆಯುದ್ದಕ್ಕೂ. ಆ ಚಪ್ಪಡಿಯ ಮೇಲೆ ಹೆಣ ಇಳಿಸಿ ಹೆಗಲು ಬದಲಿಸುತ್ತಿದ್ದರು ಅನ್ನುತ್ತಾರೆ. ಆ ದಾರಿಗೆ ಇವತ್ತಿಗೂ ಹೆಣದ ದಾರಿ ಅಂತಲೇ ಹೆಸರು. ಈಗ ಅದರಲ್ಲಿ ಬೆನ್ನಿಗೆ ಚೀಲ ಹಾಕಿದವರು ರಜೆಗೆ ಬಂದು ನಡೆಯುತ್ತಾರೆ.

ನಾನು ಇದನ್ನೆಲ್ಲ ವಿವರಿಸುತ್ತಿದ್ದೆ. ಅಪ್ಪ ಚಪ್ಪಡಿಯ ಪಕ್ಕ ಕೂತು ಹೇಳಿದ.

"ನಮ್ಮ ಅಮ್ಮನ್ನ ಹಳ್ಳದ ದಾರಿಯಲ್ಲೇ ಹೊತ್ತಿದ್ದು. ಮಳೆ. ಮುಂದಿನ ಬಲಗಡೆ ನಾನು. ನಿನಗೆ ಆಗ ನೆನಪಿರೋ ವಯಸ್ಸಲ್ಲ. ಈಗ ನನ್ನನ್ನ ಎಲ್ಲಿಂದ ತಗೊಂಡು ಹೋಗ್ತಾರೆ, ಹೇಳು."

ನಾನು ಏನೂ ಹೇಳಲಿಲ್ಲ. ಪುಟ್ಟಿ ಐಸ್‌ಕ್ರೀಮ್ ಬೇಕು ಅಂತ ಶುರು ಮಾಡಿದಳು. ರೀತ್‌ನಲ್ಲಿ ಕೊಡಿಸಿದೆವು. ಅಪ್ಪನೂ ತಿಂದ, ಚೆನ್ನಾಗಿದೆ ಅಂದ.

ಇವತ್ತು ಭೂದಾಖಲೆ ಇಲಾಖೆಯ ಜಾಲತಾಣದಿಂದ ನಮ್ಮ ಗ್ರಾಮ ನಕ್ಷೆ ಇಳಿಸಿಕೊಂಡೆ. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಅಪ್ಪನ ಮುಂದಿಟ್ಟೆ. ಸರ್ವೆ ನಂಬರುಗಳ ಮಧ್ಯೆ ಚುಕ್ಕಿ ಗೆರೆ ಇದೆ. ನಮ್ಮ ಮನೆ ಹಿಂದಿನಿಂದ ಹೊರಟು ಕೇರಿಯನ್ನು ಬಳಸಿ ಹಳ್ಳದವರೆಗೂ ಹೋಗಿದೆ. ಅಪ್ಪನಿಗೆ ಎಷ್ಟು ಖುಷಿಯಾಯಿತು ಅಂದರೆ ಅಣ್ಣನಿಗೆ ಆಗಲೇ ವಾಟ್ಸಾಪ್ ಮಾಡಿಸಿದ.

ನನ್ನ ಚಿಂತೆ ಬೇರೆ. ಮ್ಯೂಕರ್‌ನ ಕಲ್ಲು ನುಣುಪಾಗಿರುವುದು ಈಗಲೂ ಅಲ್ಲಿ ಕಾಲು ಬೀಳುತ್ತಿರುವುದಕ್ಕೆ. ನಮ್ಮ ದಾರಿಯಲ್ಲಿ ಯಾರಿದ್ದಾರೆ? ಮಕ್ಕಳು ಸ್ಕೂಲ್ ವ್ಯಾನಿನಲ್ಲಿ ಹೋಗುತ್ತವೆ. ಕೆಳಗಿನ ಕೇರಿಯವರಿಗೆ ಬೈಕಿದೆ. ದಿನಾ ನಡೆಯುತ್ತಿದ್ದದ್ದು ಅಪ್ಪ ಒಬ್ಬನೇ. ಅಪ್ಪ ಆಗಸ್ಟ್‌ವರೆಗೆ ಇಲ್ಲಿ ನನ್ನ ಹತ್ತಿರ ಇರುತ್ತಾನೆ. ಅಲ್ಲಿ ಈಗ ಮಳೆಗಾಲ. ಬೇಲಿಯವರೆಗಾದರೂ ದಿನಾ ಹೋಗಿ ಬಾ ಅಂತ ಅಣ್ಣನಿಗೆ ಹೇಳಬೇಕು. ಹೇಳಿದರೆ ಅವನು ನಗುತ್ತಾನೆ, ಗೊತ್ತು. ಆದರೆ ಸರ್ವೆಯವರು ಬರುವಷ್ಟರಲ್ಲಿ ಹಳು ಬೆಳೆದು ಮುಚ್ಚಿ, ಇಲ್ಲಿ ದಾರಿಯೇ ಇರಲಿಲ್ಲ ಅಂತ ಅವರು ಅಂದುಬಿಟ್ಟರೆ