ಕೊನೆಯ ಮುದ್ರೆ ಬಿತ್ತು

ಚೆಕ್‌ಪಾಯಿಂಟ್‌ಗಳಲ್ಲಿ ಮುದ್ರೆ ಹಾಕಿಸಿಕೊಳ್ಳುವ ಕಾರ್ಡಿಗೆ ಕೊನೆಯ ಮುದ್ರೆ ಬಿದ್ದಾಗ 38 ಗಂಟೆ 50 ನಿಮಿಷ ಆಗಿತ್ತು. ಬ್ರೆವೆ ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ; 600 ಕಿಲೋಮೀಟರ್ ಬ್ರೆವೆ ಮುಗಿಸಲು ಸಿಗುವುದೇ 40 ಗಂಟೆ.

ಬ್ರೆವೆಯಲ್ಲಿ ಮನೆಯವರ ಕಾರು ನಮ್ಮ ಹಿಂದೆ ಬರುವಂತಿಲ್ಲ. ಸಹಾಯ ಏನಿದ್ದರೂ ಚೆಕ್‌ಪಾಯಿಂಟ್‌ನಲ್ಲಿ ಮಾತ್ರ. ಹಾಗಾಗಿ ಮನೆಯವರ ಪಾಲಿಗೆ ಬಂದದ್ದು ಕಾಯುವ ಕೆಲಸ. ತುಳಿಯುವುದಕ್ಕಿಂತ ಅದೇ ಕಷ್ಟ ಅನ್ನಿಸುತ್ತದೆ ನನಗೆ.

400ನೇ ಕಿಲೋಮೀಟರಿನ ಚೆಕ್‌ಪಾಯಿಂಟ್ ಮುಟ್ಟಿದಾಗ ರಾತ್ರಿ ಎರಡೂವರೆ. ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟಿದ್ದವು. ಹ್ಯಾಂಡಲ್ ಮೇಲೆ ಜಾಸ್ತಿ ಹೊತ್ತು ಭಾರ ಬಿಟ್ಟರೆ ಅಂಗೈ ಬುಡದ ನರ ಒತ್ತಿಕೊಳ್ಳುತ್ತದೆ. ಜಾಕೆಟ್ಟಿನ ಜಿಪ್ ಎಳೆಯಲೂ ಆಗಲಿಲ್ಲ. ಹೆಂಡತಿ ಏನೂ ಕೇಳದೆ ಜಿಪ್ ಬಿಚ್ಚಿದಳು, ಅಂಗೈ ಹಿಡಿದು ಮೆಲ್ಲಗೆ ಉಜ್ಜುತ್ತಾ ಕೂತಳು. ಆ ಹೊತ್ತಿಗೆ ಮಗಳು ಚೈನ್ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದೇ ಹನಿ ಎಣ್ಣೆ ಬಿಡುತ್ತಿದ್ದಳು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡಿದ್ದಳು!

“ಒಂದೂವರೆ ಗಂಟೆ ಮಲಗಿ ಅಪ್ಪಾ, ನಾನು ಎಬ್ಬಿಸ್ತೀನಿ” ಅಂದಳು. ಎಬ್ಬಿಸಿದಳು ಕೂಡ.

ಮಾರನೇ ದಿನವೆಲ್ಲ ಎದುರು ಗಾಳಿ. ಅದರ ಬಗ್ಗೆ ಹೇಳುವುದೇನಿಲ್ಲ, ತುಳಿದೆ ಅಷ್ಟೇ.

ಕೊನೆಯಲ್ಲಿ ಸೈಕಲ್ಲಿನಿಂದ ಕಾಲೆತ್ತಿ ಇಳಿಯಲು ಆಗಲಿಲ್ಲ. ಮಗಳು ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡಳು. ಹೆಂಡತಿ ನನ್ನ ಬಲಗೈ ತೆಗೆದುಕೊಂಡು ಕಿರುಬೆರಳು ಚಿವುಟಿ ಕೇಳಿದಳು: “ಗೊತ್ತಾಗ್ತಿದೆಯಾ?”

ಗೊತ್ತಾಗುತ್ತಿತ್ತು.